ಉಪ್ಪಿನ ಬಾಗಿಲು ಮುಚ್ಚಿದವರಿಗೆ ನಮ್ಮ ವಂದನೆಗಳು

ಮಗನ ರಕ್ತದೊತ್ತಡ ವರ್ಷಕ್ಕೂ ಮೇಲ್ಪಟ್ಟು ಹತೋಟಿಯಲ್ಲಿದ್ದು, ಅವನೀಗ ಪದವಿ ತರಗತಿಗೆ ಸೇರಿದ್ದಾನೆ. ನೆರವಾದವರನ್ನು ಬಹಿರಂಗವಾಗಿ ನೆನೆಯಲು ಇದು ತಕ್ಕ ಸಮಯವೆಂದು ಭಾವಿಸಿದ್ದೇವೆ.

ಹದಿಹರೆಯದಲ್ಲೇ ಬಿಪಿ ಏರಿದ್ದಕ್ಕೆ ಓದಿನ ಒತ್ತಡವೇ ಕಾರಣವೆಂದು ಹಲವರು ಹೇಳಿದ್ದರು. ಮಾತ್ರೆಗಳನ್ನು ಬದಲಿಸಿದರೂ ಅದು ಇಳಿಯಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏಕೆ ಇಷ್ಟು ಕಡಿಮೆಯೆಂದು ಮೊದಲ ಬಾರಿಗೆ ಪ್ರಶ್ನಿಸಿ, ನನ್ನ ಪತ್ನಿಗೂ ಅವರ ತಂದೆಗೂ ಚಿಕ್ಕ ವಯಸ್ಸಿನಲ್ಲೇ ಬಿಪಿ ಬಂದಿತ್ತೆಂಬುದನ್ನು ಕೇಳಿ ತಿಳಿದ ಮೂತ್ರಪಿಂಡ ತಜ್ಞೆಗೆ ನಮ್ಮ ಮೊದಲ ವಂದನೆ. ದೇಹದ ಉಪ್ಪನ್ನೂ ರಕ್ತದೊತ್ತಡವನ್ನೂ ನಿಯಂತ್ರಿಸುವ ರೆನಿನ್, ಆಲ್ಡೋಸ್ಟಿರಾನ್ ಎಂಬ ಹಾರ್ಮೋನುಗಳೆರಡೂ ತೀರ ಕಡಿಮೆ ಇದ್ದುದನ್ನು ಕಂಡು ಅವರು ಲಿಡಲ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆ ಇರಬಹುದೆಂದರು; ಜೀನ್ ಪರೀಕ್ಷೆ ಅದನ್ನು ಖಚಿತಪಡಿಸಿತು.

ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದಿಷ್ಟು: ಮೂತ್ರಪಿಂಡದ ಸೂಕ್ಷ್ಮನಾಳಗಳ ಒಳಪದರದ ಜೀವಕೋಶಗಳಲ್ಲಿ ಸೋಡಿಯಂ ಒಳಬರುವ ದ್ವಾರಗಳಿವೆ, ಆರೋಗ್ಯವಂತರಲ್ಲಿ ಕೋಶವು ಅವುಗಳನ್ನು ಕಾಲಕಾಲಕ್ಕೆ ಒಳಗೆಳೆದು ಕರಗಿಸುತ್ತದೆ, ಆದರೆ ಈ ಕಾಯಿಲೆಯಲ್ಲಿ ದ್ವಾರದ ತುದಿಭಾಗ ದೋಷಪೂರಿತವಾಗಿರುವುದರಿಂದ ಅವು ಮೇಲ್ಮೈಯಲ್ಲೇ ಉಳಿದು ಉಪ್ಪನ್ನೂ ಅದರೊಡನೆ ನೀರನ್ನೂ ದೇಹದಲ್ಲಿ ಉಳಿಸುತ್ತವೆ, ಪೊಟ್ಯಾಸಿಯಂ ಮಾತ್ರ ಮೂತ್ರದಲ್ಲಿ ಹೊರಹೋಗುತ್ತದೆ. ಆಲ್ಡೋಸ್ಟಿರಾನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಇಲ್ಲಿ ನಿಷ್ಪ್ರಯೋಜಕ, ಏಕೆಂದರೆ ರೋಗದ ಮೂಲ ಆ ಹಾರ್ಮೋನಲ್ಲ. ಅಮಿಲೋರೈಡ್ ಎಂಬ ಔಷಧ ಆ ದ್ವಾರವನ್ನೇ ನೇರವಾಗಿ ಮುಚ್ಚುತ್ತದೆ.

1963ರಲ್ಲಿ ಈ ಕಾಯಿಲೆಯನ್ನು ವರ್ಣಿಸಿದ ಅಮೆರಿಕದ ಗ್ರಾಂಟ್ ಲಿಡಲ್ ಮತ್ತು ಸಂಗಡಿಗರನ್ನೂ, ಅದಕ್ಕಿಂತ ಹೆಚ್ಚಾಗಿ ಅವರ ಪರೀಕ್ಷೆಗಳಿಗೆ ಒಪ್ಪಿಕೊಂಡ ಆ ಕುಟುಂಬವನ್ನೂ ನೆನೆಯುತ್ತೇವೆ. ಆ ಮನೆಯ ಹುಡುಗಿಗೆ ಮುಂದೆ 1989ರಲ್ಲಿ ಮೂತ್ರಪಿಂಡದ ಕಸಿಯಾದ ಮೇಲೆ ರೋಗಲಕ್ಷಣಗಳು ಸರಿಹೋದವು. ದೋಷ ಇರುವುದು ಮೂತ್ರಪಿಂಡದಲ್ಲೇ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಕಾರಣವಾದ ಜೀನ್ ದೋಷ 1994ರಲ್ಲಿ ಪತ್ತೆಯಾಯಿತು.

ನಮ್ಮೂರಿನ ಔಷಧದಂಗಡಿಗಳಲ್ಲಿ ಅಮಿಲೋರೈಡ್ ಬೇರೆ ಮೂತ್ರವರ್ಧಕಗಳೊಡನೆ ಬೆರೆತ ಮಾತ್ರೆಯಾಗಿಯಷ್ಟೇ ಸಿಗುತ್ತಿತ್ತು. ಅದೊಂದೇ ಇರುವ ಮಾತ್ರೆಯನ್ನು ಬೇಸರಿಸದೆ ತರಿಸಿಕೊಡುತ್ತಿರುವ ಅಂಗಡಿಯವರಿಗೆ ನಾವು ಋಣಿಗಳು. ಉಪ್ಪು ಹೆಚ್ಚಾದರೆ ಈ ಔಷಧದ ಪ್ರಭಾವ ತಗ್ಗುತ್ತದೆಂದು ಕೇಳಿದ ದಿನದಿಂದಲೇ ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದ ನಮ್ಮ ತಾಯಿಯವರಿಗೂ ವಂದನೆ ಸಲ್ಲಬೇಕು (ಅವರ ದೃಷ್ಟಿಯಲ್ಲಿ ಅದು ಸಣ್ಣ ತ್ಯಾಗವಲ್ಲ).

ಮಾತ್ರೆಯಿಂದ ಪೊಟ್ಯಾಸಿಯಂ ಅತಿಯಾಗಿ ಏರದಂತೆ ಆಗಾಗ ರಕ್ತ ಪರೀಕ್ಷಿಸುವ ಪ್ರಯೋಗಾಲಯದ ಸಿಬ್ಬಂದಿಗೂ ಧನ್ಯವಾದಗಳು. ಮಗನ ನಂತರ ಪರೀಕ್ಷೆಗೊಳಗಾದ ನನ್ನ ಪತ್ನಿಯೂ ಈಗ ಅದೇ ಮಾತ್ರೆಯನ್ನು ಸೇವಿಸುತ್ತಿದ್ದಾರೆ. ಅವರ ತಮ್ಮನ ವರದಿ ಬರಬೇಕಿದೆ.