ರಾತ್ರಿ ಊಟ ಆದ್ಮೇಲೆ ಫೋನು ಗೂಡಿಗೆ: ಪೋಷಕರಿಗೆ ಒಂದು ಪತ್ರ

ಎಲ್ಲಾ ಪೋಷಕರಿಗೂ ನಮಸ್ಕಾರ,

ಈ ಸಲ ಸ್ಕಾಲರ್‌ಶಿಪ್ ಅರ್ಜಿ, ಆಧಾರ್ ಜೆರಾಕ್ಸ್, ಟೆಸ್ಟ್ ಮಾರ್ಕ್ಸು ಇದ್ಯಾವುದರ ಬಗ್ಗೆನೂ ಬರೀತಿಲ್ಲ. ಸ್ವಲ್ಪ ಉದ್ದ ಆಗಬಹುದು, ಆದ್ರೂ ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ, ಓದೋಕೆ ಕಷ್ಟ ಆಗೋ ಹಿರಿಯರಿಗೆ ಮಕ್ಕಳ ಕೈಲೇ ಓದಿಸಿ.

ಹೋದ ವಾರ ಬೆಳಗ್ಗೆ ಪ್ರಾರ್ಥನೆ ನಡೀತಿತ್ತು, ನಾಡಗೀತೆ ಅರ್ಧಕ್ಕೆ ಬಂದಿತ್ತು, ಸಾಲಲ್ಲಿದ್ದ ಒಂದು ಹುಡುಗಿ ಮುಂದೆ ನಿಂತಿದ್ದವಳ ಹೆಗಲು ಹಿಡ್ಕೊಂಡು ಹಾಗೇ ಕುಸಿದು ಕೂತ್ಬಿಟ್ಲು. ಯಾವ ಕ್ಲಾಸು, ಯಾರ ಮಗಳು ಅಂತ ಹೇಳಲ್ಲ, ಅವರ ಮನೆಯವರ ಜೊತೆ ಮಾತಾಡಿದ್ದೀನಿ, ಮಗು ಈಗ ಚೆನ್ನಾಗಿದೆ. ಆಫೀಸ್ ರೂಮಿಗೆ ಕರ್ಕೊಂಡು ಬಂದು ಬೆಂಚಿನ ಮೇಲೆ ಮಲಗಿಸಿ ನೀರು, ಬೆಲ್ಲ ಕೊಟ್ವಿ. ಬೆಳಗ್ಗೆ ಏನು ತಿಂದ್ಯಮ್ಮ ಅಂದೆ, ಟೀ ಕುಡಿದೆ ಮೇಡಂ ಅಂದ್ಲು. ರಾತ್ರಿ ಎಷ್ಟೊತ್ತಿಗೆ ಮಲಗಿದೆ ಅಂದಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ನಿದ್ದು, ನಿದ್ದೆ ಬರಲ್ಲ ಮೇಡಂ, ಕಂಬಳಿ ಒಳಗೆ ಫೋನ್ ನೋಡ್ತಾ ಇರ್ತೀನಿ, ಅವ್ವಂಗೆ ಗೊತ್ತಿಲ್ಲ ಅಂದ್ಲು. ಅಷ್ಟು ಹೇಳಿ ಅದೇ ಬೆಂಚಿನ ಮೇಲೆ ನಿದ್ದೆ ಹೋದ್ಲು ನೋಡಿ, ಮೂರನೇ ಪೀರಿಯಡ್ ಬೆಲ್ ಹೊಡೆದ್ರೂ ಎಚ್ಚರ ಆಗ್ಲಿಲ್ಲ, ನಾನೂ ಎಬ್ಬಿಸೋಕೆ ಹೋಗ್ಲಿಲ್ಲ.

ಆವತ್ತು ಮಧ್ಯಾಹ್ನ ನಾನೇ ಒಂದೊಂದು ಕ್ಲಾಸಿಗೂ ಹೋಗಿ ಚೀಟಿ ಹಂಚಿದೆ, ಹೆಸರು ಬರೀಬೇಡಿ, ನಿನ್ನೆ ರಾತ್ರಿ ಎಷ್ಟು ಗಂಟೆಗೆ ಮಲಗಿದ್ರಿ ಅಷ್ಟು ಮಾತ್ರ ಬರೀರಿ ಅಂತ. ಅರ್ಧಕ್ಕಿಂತ ಹೆಚ್ಚು ಚೀಟೀಲಿ 11 ದಾಟಿತ್ತು, ಕೆಲವದ್ರಲ್ಲಿ 1 ಗಂಟೆ ಅಂತಿತ್ತು, ಒಂದು ಚೀಟೀಲಿ "ಅಪ್ಪ ಮಲಗಿದ ಮೇಲೆ" ಅಂತ ಬರೆದಿತ್ತು. ಆ ಚೀಟಿ ಇನ್ನೂ ನನ್ನ ಟೇಬಲ್ ಗ್ಲಾಸಿನ ಕೆಳಗಿದೆ.

ನಿದ್ದೆ ವಿಷಯ ತಜ್ಞರು ಹೇಳೋದು ಏನಂದ್ರೆ 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ಅದಕ್ಕಿಂತ ಚಿಕ್ಕೋರಿಗೆ, 6ರಿಂದ 12 ವರ್ಷದೋರಿಗೆ, 9ರಿಂದ 12 ಗಂಟೆ. ನಮ್ಮೂರ ಲೆಕ್ಕ ಹಾಕಿ. ಬೆಳಗ್ಗೆ 5:30ಕ್ಕೆ ಹಸು ಕೂಗುತ್ತೆ, ಕೊಟ್ಟಿಗೆ ಕಸ ತೆಗೀಬೇಕು, ಮಕ್ಕಳೂ ಏಳ್ತಾರೆ. ಹಂಗಾದ್ರೆ ಕಡಿಮೆ ಅಂದ್ರೂ ರಾತ್ರಿ 9:30ಕ್ಕೆ ದೀಪ ಆರಬೇಕು. ಹಗಲು ಓದಿದ್ದು, ಕೇಳಿದ್ದು ತಲೇಲಿ ಗಟ್ಟಿಯಾಗಿ ಕೂರೋದೇ ನಿದ್ದೇಲಿ, ಹಾಗಾಗಿ ರಾತ್ರಿಯೆಲ್ಲ ಓದಿ ಬೆಳಗ್ಗೆ ಪರೀಕ್ಷೆಗೆ ಬರೋ ಮಗು ತಾನು ಓದಿದ್ದನ್ನ ತಾನೇ ಕಳ್ಕೊಂಡು ಬಂದಿರುತ್ತೆ. ಇನ್ನು ಫೋನು. ಕತ್ತಲಾದ್ರೆ ನಿದ್ದೆ ಹೊತ್ತಾಯ್ತು ಅಂತ ಮೈಗೆ ಹೇಳೋ ಮೆಲಟೋನಿನ್ ಅನ್ನೋ ಒಂದು ಹಾರ್ಮೋನ್ ನಮ್ಮೊಳಗೆ ಹುಟ್ಟುತ್ತೆ, ಮುಖದ ಹತ್ರ ಹಿಡಿದ ಫೋನಿನ ಬೆಳಕು ಅದನ್ನ ತಡೆಹಿಡಿಯುತ್ತೆ, ಜೊತೆಗೆ ಒಂದು ವಿಡಿಯೋ ಮುಗಿಯೋದ್ರೊಳಗೆ ಇನ್ನೊಂದು ತಾನಾಗೇ ಬರುತ್ತೆ. ನಿದ್ದೆ ಬರಲ್ಲ ಅದಕ್ಕೇ ಫೋನ್ ನೋಡ್ತೀನಿ ಅಂತ ಆ ಹುಡುಗಿ ಅಂದಿದ್ದು ಸುಳ್ಳಲ್ಲ, ಆದ್ರೆ ಫೋನ್ ನೋಡ್ತಿರೋದ್ರಿಂದಲೇ ನಿದ್ದೆ ಬರ್ತಿಲ್ಲ ಅನ್ನೋದು ಪಾಪ ಅವಳಿಗೆ ಯಾರೂ ಹೇಳಿರ್ಲಿಲ್ಲ.

ನಿಮ್ಮಲ್ಲಿ ತುಂಬಾ ಜನ ಆಫೀಸಿಗೆ ಬಂದು "ಮೇಡಂ ನೀವೇ ಹೇಳಿ, ನಮ್ ಮಾತು ಕೇಳಲ್ಲ, ನೀವು ಹೇಳಿದ್ರೆ ಕೇಳ್ತಾರೆ" ಅಂತೀರಿ. ನಾನು ಹೇಳ್ತೀನಿ, ಹೇಳ್ತಾನೇ ಇದ್ದೀನಿ. ಆದ್ರೆ ನಾನು ಹೇಳೋದು ಬೆಳಗ್ಗೆ 10ರಿಂದ ಸಂಜೆ 4:30ರವರೆಗೆ, ಅಭ್ಯಾಸ ಹುಟ್ಟೋದು ಅದಾದ್ಮೇಲೆ, ನಿಮ್ಮ ಪಡಸಾಲೇಲಿ.

ಇದನ್ನ ನಾನು ಯಾವ ಬಾಯಲ್ಲಿ ಹೇಳಲಿ ಅಂತ ನನಗೂ ಸಂಕಟ ಆಗುತ್ತೆ, ಯಾಕಂದ್ರೆ ನನ್ನ ಮನೇಲೂ ಇದೇ ಆಗಿತ್ತು. ನನ್ನ ಮಗ ಪಿಯುಸಿ ಓದೋವಾಗ ರಾತ್ರಿ ಊಟಕ್ಕೆ ಕೂತ್ರೆ ನನ್ನ ಎಡಗೈಲಿ ಫೋನು, ಶಾಲೆ ಗ್ರೂಪು, ಇಲಾಖೆ ಗ್ರೂಪು, ಯಾವ್ದೋ ಮಾಹಿತಿ ಅರ್ಜೆಂಟ್ ಕಳಿಸಿ ಅನ್ನೋ ಮೆಸೇಜು. ಅವನು ಏನೋ ಹೇಳ್ತಿದ್ದ, ನಾನು ಹೂಂ ಹೂಂ ಅಂತಿದ್ದೆ. ಒಂದಿನ ಮಾತು ಅರ್ಧಕ್ಕೇ ನಿಲ್ಲಿಸಿದ, ನಾನು ಆಗಲೂ ಹೂಂ ಅಂದೆ. ತಟ್ಟೆ ತೆಗೊಂಡು ಎದ್ದು ಹೋದ. ಅವನು ಕಾಲೇಜಲ್ಲಿ ಯಾವ್ದೋ ವಿಷಯಕ್ಕೆ ತುಂಬಾ ನೊಂದಿದ್ದ ಅಂತ ನನಗೆ ಗೊತ್ತಾಗಿದ್ದು ಎರಡು ತಿಂಗಳಾದ್ಮೇಲೆ, ಅದೂ ಅವನ ಸ್ನೇಹಿತನಿಂದ. ಊರ ಮಕ್ಕಳ ಕಷ್ಟ ಎಲ್ಲ ಕೇಳೋ ನಾನು ನನ್ನ ಮಗ ಎದುರಿಗೆ ಕೂತು ಹೇಳಿದ್ದನ್ನ ಕೇಳಿಸ್ಕೊಳ್ಲಿಲ್ಲ. ಅದು ಇವತ್ತಿಗೂ ಮನಸ್ಸಲ್ಲಿ ಚುಚ್ಚುತ್ತೆ, ಹಾಗಾಗಿ ಈ ಪತ್ರ.

ಅಮೆರಿಕದ ಹಾರ್ವರ್ಡ್ ಯೂನಿವರ್ಸಿಟಿಯವರು 1938ರಲ್ಲಿ ಒಂದು ಅಧ್ಯಯನ ಶುರು ಮಾಡಿದ್ರು. ಕೆಲವು ಹುಡುಗರನ್ನ ಹಿಡಿದು ಅವರು ಮುದುಕರಾಗೋವರೆಗೂ ವರ್ಷಗಟ್ಟಲೆ ವಿಚಾರಿಸ್ತಾ ಬಂದ್ರು, ಆಮೇಲೆ ಅವರ ಹೆಂಡ್ತಿ ಮಕ್ಕಳನ್ನೂ ಸೇರಿಸ್ಕೊಂಡ್ರು, 80 ವರ್ಷ ದಾಟಿ ನಡೆದಿದೆ. ಯಾರು ಸುಖವಾಗಿದ್ರು, ಯಾರು ಆರೋಗ್ಯವಾಗಿದ್ರು ಅಂತ ನೋಡಿದಾಗ ದುಡ್ಡಿಗಿಂತ, ಹೆಸರಿಗಿಂತ ಹೆಚ್ಚಾಗಿ ಎದ್ದು ಕಂಡಿದ್ದು ಒಂದೇ, ಹತ್ತಿರದವರ ಜೊತೆ ಒಳ್ಳೆ ಸಂಬಂಧ ಇದ್ದಿದ್ದು. ನಮ್ಮ ಅಜ್ಜಿಯರು ಇದನ್ನ ಯಾವ ಅಧ್ಯಯನನೂ ಇಲ್ಲದೆ ಗೊತ್ತು ಮಾಡ್ಕೊಂಡಿದ್ರು, ರಾತ್ರಿ ಎಲ್ಲರೂ ಬರೋವರೆಗೂ ಮುದ್ದೆ ಕಟ್ತಿರ್ಲಿಲ್ಲ.

ಈಗ ಏನ್ ಮಾಡೋಣ ಅನ್ನೋದಕ್ಕೆ ಬರ್ತೀನಿ. ನಾಳೆಯಿಂದ 5ಕ್ಕೆ ಏಳು, ಯೋಗ ಮಾಡು, ಮಗ್ಗಿ ಹೇಳು, ಫೋನ್ ಮುಟ್ಟಬೇಡ, ಟೈಮ್ ಟೇಬಲ್ ಗೋಡೆಗೆ ಅಂಟಿಸು, ಇದೆಲ್ಲ ಒಟ್ಟಿಗೆ ಶುರು ಮಾಡಿದ್ರೆ ಒಂದು ವಾರನೂ ನಿಲ್ಲಲ್ಲ, ಯುಗಾದಿ ದಿನ ಮಾಡೋ ಸಂಕಲ್ಪದ ಗತಿ ಏನಾಗುತ್ತೆ ಅಂತ ನಮಗೆಲ್ಲ ಗೊತ್ತಲ್ಲ. ಅಭ್ಯಾಸ ಹೇಗೆ ಹಿಡಿಯುತ್ತೆ ಅಂತ ತಿಳ್ಕೊಳ್ಳೋಕೆ ನಿಮ್ಮೂರ ಹಾಲಿನ ಡೈರಿ ನೋಡಿ ಸಾಕು. ಬೆಳಗ್ಗೆ ಹಾಲು ಹಾಕೋಕೆ ಕ್ಯಾನ್ ಹಿಡಿದು ಹೋಗಿ ಅಂತ ನಿಮಗೆ ಯಾರಾದ್ರೂ ನೆನಪಿಸ್ತಾರಾ? ಮಳೆ ಬರಲಿ, ಮನೇಲಿ ಮದುವೆ ಇರಲಿ, ಜ್ವರ ಇರಲಿ, ಹೊತ್ತಿಗೆ ಸರಿಯಾಗಿ ಕ್ಯೂನಲ್ಲಿ ನಿಂತು ಫ್ಯಾಟ್ ನೋಡಿಸಿ ಚೀಟಿ ಇಸ್ಕೊಂಡೇ ಬರೋದು. ಹಸು ಕೂಗುತ್ತೆ, ಕಾಲು ತಾನಾಗೇ ಕೊಟ್ಟಿಗೆ ಕಡೆ ನಡೆಯುತ್ತೆ. ಅಭ್ಯಾಸಕ್ಕೆ ಬೇಕಿರೋದು ಅಂಥದ್ದೊಂದು ಕೂಗು, ಮನೇಲಿ ಹೇಗೂ ದಿನಾ ತಪ್ಪದೆ ನಡೆಯೋ ಒಂದು ಕೆಲಸ ಇರುತ್ತಲ್ಲ, ಹೊಸದನ್ನ ತಗೊಂಡು ಹೋಗಿ ಅದರ ಬೆನ್ನಿಗೇ ಕಟ್ಟಿಬಿಡಬೇಕು.

ಹಾಗಾಗಿ ನಾನು ಕೇಳ್ತಿರೋದು ಒಂದೇ ಕೆಲಸ. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ತಕ್ಷಣ ಮನೇಲಿರೋ ಎಲ್ಲಾ ಫೋನೂ ಗೂಡಿಗೆ. ಹಳೇ ಮನೆಗಳಲ್ಲಿ ಗೋಡೇಲಿ ದೀಪ ಇಡೋ ಗೂಡು ಇರುತ್ತಲ್ಲ ಅದು, ಇಲ್ಲದವರು ಫ್ರಿಜ್ ಮೇಲೆ, ಬೀರು ಮೇಲೆ, ಎಲ್ಲಾದ್ರೂ ಸರಿ ಆದ್ರೆ ಹಾಸಿಗೆಯಿಂದ ಕೈಗೆ ಸಿಗಬಾರದು, ಚಾರ್ಜರ್‌ನೂ ಅಲ್ಲೇ ಹಾಕಿಬಿಡಿ. ಎಲ್ಲಾ ಫೋನು ಅಂದ್ರೆ ಅಪ್ಪಂದೂ ಸೇರಿ. ಮಗನ ಫೋನ್ ಕಿತ್ಕೊಂಡು ಅಪ್ಪ ಪಕ್ಕದಲ್ಲೇ ಮಲಗಿ ರೀಲ್ಸ್ ನೋಡಿದ್ರೆ ಮಗ ಕಲಿಯೋದು ಫೋನ್ ಬಿಡೋದನ್ನಲ್ಲ, ದೊಡ್ಡೋನಾಗೋವರೆಗೂ ಕಾಯೋದನ್ನ. ಅರ್ಜೆಂಟ್ ಕಾಲ್ ಬಂದ್ರೆ ಅನ್ನೋ ಭಯ ಇರೋರು ರಿಂಗ್ ಜೋರಾಗಿ ಇಟ್ಟುಬಿಡಿ, ಕೇಳಿಸುತ್ತೆ, ಎದ್ದು ಹೋಗಿ ತಗೋಬಹುದು. ನೈಟ್ ಶಿಫ್ಟ್ ಹೋಗೋರು, ಬೋರ್‌ವೆಲ್ ಕರೆಂಟ್ ರಾತ್ರಿ ಬರೋರು ನಿಮಗೆ ಹೊಂದೋ ಹಾಗೆ ಮಾಡ್ಕೊಳ್ಳಿ.

21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅಂತ ವಾಟ್ಸಾಪಲ್ಲಿ ಓಡಾಡುತ್ತೆ, ಅದನ್ನ ನಂಬಬೇಡಿ, ನಂಬಿದ್ರೆ 22ನೇ ದಿನಕ್ಕೆ ಬೇಜಾರಾಗುತ್ತೆ. ಲಂಡನ್ನಿನ ಒಂದು ಯೂನಿವರ್ಸಿಟಿಯಲ್ಲಿ 96 ಜನರನ್ನ ಇಟ್ಕೊಂಡು ನಿಜವಾಗ್ಲೂ ಅಳೆದು ನೋಡಿದ್ದಾರೆ. ಒಂದು ಕೆಲಸ ಯೋಚ್ನೆ ಮಾಡದೆ ತಾನಾಗೇ ಆಗೋ ಮಟ್ಟಕ್ಕೆ ಬರೋಕೆ ಸರಾಸರಿ 66 ದಿನ ಹಿಡೀತು, ಕೆಲವರಿಗೆ 18 ದಿನಕ್ಕೇ ಆಯ್ತು, ಕೆಲವರಿಗೆ 254 ದಿನ ಬೇಕಾಗುತ್ತೆ ಅಂತ ಲೆಕ್ಕ ಬಂತು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಮಾತು, ಮಧ್ಯೆ ಒಂದಿನ ತಪ್ಪಿದ್ರೆ ಅಂಥ ನಷ್ಟ ಏನೂ ಆಗಲ್ಲ. ಆದ್ರಿಂದ ಒಂದಿನ ಮಗು ಮರೆತ್ರೆ, ನೀವೇ ಮರೆತ್ರೆ, "ನೋಡ್ದಾ, ನಿನ್ನ ಕೈಲಿ ಆಗಲ್ಲ ಅಂತ ನಂಗೊತ್ತಿತ್ತು" ಅನ್ನೋ ಮಾತು ದಯವಿಟ್ಟು ಆಡಬೇಡಿ. ಆ ಒಂದು ಮಾತಿಗೆ ಹೆದರಿ ಎಷ್ಟೋ ಮಕ್ಕಳು ಏನನ್ನೂ ಶುರು ಮಾಡೋದೇ ಇಲ್ಲ, ಇಷ್ಟು ವರ್ಷದ ಸರ್ವೀಸಲ್ಲಿ ನಾನು ಕಣ್ಣಾರೆ ಕಂಡಿದ್ದೀನಿ. ಮಾರನೇ ದಿನ ಮತ್ತೆ ಗೂಡಿಗೆ ಇಡಿ ಅಷ್ಟೇ.

ರಾಜ್ಯೋತ್ಸವ ಮುಗೀತು. ಈ ಸೋಮವಾರ ಶುರು ಮಾಡಿದ್ರೆ ಎಳ್ಳು ಬೆಲ್ಲ ಹಂಚೋ ಹೊತ್ತಿಗೆ 66 ದಿನ ಹತ್ರ ಹತ್ರ ಆಗಿರುತ್ತೆ. ನಾವು ತಿಪಟೂರು ಸೀಮೆಯೋರು, ಕಾಯೋದು ನಮಗೆ ಹೊಸದಾ? ಕಾಯಿ ಕೆಡವಿ ಅಟ್ಟಕ್ಕೆ ಹಾಕಿದ್ರೆ ಹತ್ತು ಹನ್ನೊಂದು ತಿಂಗಳು, ಒಳಗೆ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡಿಸಿದ್ರೆ ಗಡಗಡ ಅನ್ನೋವರೆಗೂ ಸುಮ್ನಿರ್ತೀವಿ, ದಿನಾ ಏಣಿ ಹತ್ತಿ ಆಯ್ತಾ ಆಯ್ತಾ ಅಂತ ನೋಡಲ್ಲ, ಅರ್ಧಕ್ಕೆ ಒಡೆದು ನೋಡಿದ್ರೆ ಅತ್ಲಾಗೆ ಕೊಬ್ಬರಿನೂ ಇಲ್ಲ, ಇತ್ಲಾಗೆ ಸಾರಿಗೆ ಹಾಕೋ ಹಸಿಕಾಯಿನೂ ಇಲ್ಲ. ಕೊಬ್ಬರಿಗೆ ಕೊಡೋ ಅಷ್ಟು ಟೈಮು ಮಕ್ಕಳಿಗೂ ಕೊಡಿ ಅಂತ ಕೈ ಮುಗಿದು ಕೇಳ್ತೀನಿ.

ಫೋನು ಗೂಡಿಗೆ ಹೋದ್ಮೇಲೆ ಆ ಅರ್ಧ ಗಂಟೆ ಏನ್ ಮಾಡೋದು ಅಂತ ಒಬ್ಬರು ತಾಯಿ ನನ್ನ ಕೇಳಿದ್ರು. ಮೊದಲ ನಾಲ್ಕು ದಿನ ಮನೆಯೆಲ್ಲ ಬಿಕೋ ಅನ್ಸುತ್ತೆ, ಯಾರಿಗೂ ಏನು ಮಾತಾಡಬೇಕು ಅಂತ ತೋಚಲ್ಲ, ಅದು ಸಹಜ, ಭಯ ಪಡಬೇಡಿ. ಇನ್ನೇನು ಅವರೆಕಾಯಿ ಕಾಲ ಬಂತು. ಮೊರದ ತುಂಬಾ ಕಾಯಿ ಹಾಕ್ಕೊಂಡು ಎಲ್ಲರೂ ಸುತ್ತ ಕೂತು ಸುಲಿಯಿರಿ, ನೆನೆಸಿದ ಕಾಳು ಹಿತುಕಿರಿ. ಸೊಗಡಿನ ಜಿಡ್ಡು ಅಂಟಿರೋ ಕೈಲಿ ಯಾರೂ ಸ್ಕ್ರೀನ್ ಮುಟ್ಟಲ್ಲ, ಕೈಗೆ ಕೆಲಸ ಇದ್ದಾಗ ಮಾತು ಸಲೀಸಾಗಿ ಬರುತ್ತೆ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲದೆ ಇದ್ದಾಗ ಗಂಡು ಮಕ್ಕಳು ಅದರಲ್ಲೂ ಮನಸ್ಸು ಬಿಚ್ಚಿ ಮಾತಾಡ್ತಾರೆ. ಆಗ ಹೋಮ್‌ವರ್ಕ್ ಆಯ್ತಾ, ಎಷ್ಟು ಮಾರ್ಕ್ಸ್ ಬಂತು ಅಂತ ಕೇಳಬೇಡಿ, ಅದಕ್ಕೆ ನಾವಿದ್ದೀವಿ. ಇವತ್ತು ಊಟಕ್ಕೆ ಸಾಂಬಾರ್ ಹೇಗಿತ್ತು, ಯಾರ ಜೊತೆ ಕೂತಿದ್ದೆ, ಯಾವ ಮೇಷ್ಟ್ರು ಏನು ತಮಾಷೆ ಮಾಡಿದ್ರು ಅಂತ ಕೇಳಿ. ನೀವೂ ಹೇಳಿ, ತೋಟದಲ್ಲಿ ಏನಾಯ್ತು, ಗಾರ್ಮೆಂಟ್ಸಲ್ಲಿ ಏನಾಯ್ತು ಅಂತ. ನಮ್ಮ ಒಂಬತ್ತನೇ ಕ್ಲಾಸಿನ ಎಷ್ಟೋ ಮಕ್ಕಳಿಗೆ ಅಮ್ಮ ಫ್ಯಾಕ್ಟರೀಲಿ ಯಾವ ಕೆಲಸ ಮಾಡ್ತಾರೆ ಅಂತಲೇ ಗೊತ್ತಿಲ್ಲ, ಕೇಳಿ ನೋಡಿದ್ದೀನಿ.

ತಾಯಂದಿರಿಗೆ ಇಲ್ಲಿ ಬೇರೆಯಾಗಿ ಒಂದು ಮಾತು ಹೇಳಬೇಕು. ಬೆಳಗ್ಗೆ 4:30ಕ್ಕೆ ಎದ್ದು ಎರಡು ಹೊತ್ತಿನ ಅಡುಗೆ ಮಾಡಿಟ್ಟು ಗಾರ್ಮೆಂಟ್ಸ್ ಬಸ್ ಹತ್ತೋರು ಇದ್ದೀರಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ಸಿಗೋ ಆ ಅರ್ಧ ಗಂಟೆ ಫೋನೇ ನಮಗೆ ಅಂತ ಇರೋ ಒಂದೇ ಟೈಮು ಮೇಡಂ ಅಂತ ಒಬ್ಬರು ಹೇಳಿದಾಗ ನನ್ನ ಬಾಯಿ ಕಟ್ಟಿತು. ನಿಮ್ಮ ಮೇಲೆ ಇನ್ನೊಂದು ಕೆಲಸ ಹೊರಿಸೋಕೆ ಈ ಪತ್ರ ಬರೆದಿದ್ದಲ್ಲ. ಅಪ್ಪಂದಿರೇ, ದೊಡ್ಡ ಮಕ್ಕಳೇ, ಆ ತಟ್ಟೆಗಳನ್ನ ನೀವು ತೊಳೀರಿ, ಆಗ ಅವರಿಗೆ ಕೂತ್ಕೊಳ್ಳೋಕೆ, ಮಲಗೋಕೆ ಟೈಮ್ ಸಿಗುತ್ತೆ. ಅಮ್ಮಂಗೂ ನಿದ್ದೆ ಬೇಕು.

ಟೀ ವಿಷಯ ಬೇಗ ಹೇಳಿ ಮುಗಿಸ್ತೀನಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಟೀ, ಬನ್ನು ತಿಂದು ಬರೋ ಮಕ್ಕಳು ತುಂಬಾ ಇದ್ದಾರೆ. ತಿಂಡಿ ಜೊತೆ ಟೀ ಕುಡಿದ್ರೆ ಊಟದಲ್ಲಿರೋ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ನಮ್ಮ ದೇಶದ 15ರಿಂದ 19 ವರ್ಷದ ಹುಡುಗೀರಲ್ಲಿ 100ಕ್ಕೆ 59 ಜನಕ್ಕೆ ರಕ್ತಹೀನತೆ ಇತ್ತು, ಶಾಲೇಲಿ ನಾವು ಕಬ್ಬಿಣಾಂಶದ ಮಾತ್ರೆ ಕೊಡೋದು ಇದಕ್ಕೇ, ಅದನ್ನ ಕಿಟಕಿಯಿಂದ ಎಸೀಬೇಡಿ ಅಂತ ಮನೇಲೂ ಹೇಳಿ. ರಾತ್ರಿ ಉಳಿದ ಮುದ್ದೆ ಮಜ್ಜಿಗೇಲಿ ಕಿವುಚಿ ಕುಡಿಸಿ, ಚಿತ್ರಾನ್ನದ ಮೇಲೆ ನಿಂಬೆಹಣ್ಣು ಹಿಂಡಿ, ಏನಾದ್ರೂ ಸರಿ, ಹೊಟ್ಟೆಗೆ ಹಾಕಿ ಕಳಿಸಿ. ಟೀ ಬೇಕೇ ಬೇಕು ಅಂದ್ರೆ ತಿಂಡಿ ಆಗಿ ಒಂದು ಗಂಟೆ ಬಿಟ್ಟು, ಅದು ಭಾನುವಾರ ಸಾಕು. ಮತ್ತೆ ಪಂಚಾಯಿತಿ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಪುಸ್ತಕ ಸಿಗುತ್ತೆ, ಗೂಡಿನ ಪಕ್ಕ ಒಂದು ಪುಸ್ತಕ ಬಿದ್ದಿರಲಿ, ಓದು ಅಂತ ಬಲವಂತ ಬೇಡ, ಕೈಗೆ ಸಿಗೋ ಹಾಗಿದ್ರೆ ಸಾಕು.

ಈ ಪತ್ರದ ಜೊತೆ ಒಂದು ಹಳದಿ ಚೀಟಿ ಕಳಿಸಿದ್ದೀನಿ. ಫೋನು ಎಲ್ಲಿ ಇಡ್ತೀರಿ, ಎಷ್ಟು ಗಂಟೆಗೆ ಇಡ್ತೀರಿ ಅಂತ ಎರಡೇ ಸಾಲು ಬರೆದು ಬುಧವಾರದೊಳಗೆ ಮಕ್ಕಳ ಕೈಲಿ ಕಳಿಸಿ, ಚೀಟಿ ಬರೆಯೋದು ಮಕ್ಕಳಾಗಲಿ, ಸಹಿ ಮನೇಲಿ ಫೋನ್ ಇರೋ ಎಲ್ಲರದೂ ಇರಲಿ. ನನ್ನ ಮನೆ ಚೀಟೀನೂ ನೋಟಿಸ್ ಬೋರ್ಡಿಗೆ ಹಾಕಿದ್ದೀನಿ, 9 ಗಂಟೆ, ದೇವರಮನೆ ಪಕ್ಕದ ಗೂಡು ಅಂತ. ಹಾಗಾಗಿ 9ರ ಮೇಲೆ ಗ್ರೂಪಲ್ಲಿ ಮೆಸೇಜ್ ಹಾಕಿದ್ರೆ ಉತ್ತರ ಬೆಳಗ್ಗೆನೇ ಬರೋದು, ಯಾರೂ ತಪ್ಪು ತಿಳ್ಕೋಬೇಡಿ, ತುರ್ತು ಇದ್ರೆ ಕಾಲ್ ಮಾಡಿ, ಎದ್ದು ಬರ್ತೀನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ