ಯಹೂದಿ ಭಿನ್ನಮತದ ಬಗ್ಗೆ ಬರೆಯಹೊರಟ ಕಿರಿಯ ಮಿತ್ರರಿಗೆ

ಪ್ರೀತಿಯ ಕಿರಿಯ ಮಿತ್ರರಿಗೆ, ನಮಸ್ಕಾರ.

ಪ್ಯಾಲೆಸ್ಟೀನ್‌ನಲ್ಲಿ ಯಹೂದಿಗಳಿಗೊಂದು ರಾಷ್ಟ್ರೀಯ ನೆಲೆ ಬೇಕೆನ್ನುವ ಜಿಯೋನಿಸಂ ಅನ್ನು ಒಪ್ಪದ ಯಹೂದಿಗಳ ಕುರಿತ ನಿಮ್ಮ ಲೇಖನದ ಕರಡನ್ನು ಓದಿದೆ. ಭಾಷೆ ಬಿಗಿಯಾಗಿದೆ, ಪ್ಯಾಲೆಸ್ಟೀನಿಯರ ಸಂಕಟದ ಬಗೆಗಿನ ಕಳಕಳಿಯಲ್ಲಿ ಸೋಗಿಲ್ಲ. ನನ್ನ ತಕರಾರು ಒಂದೇ: ನಿಮ್ಮ ಬರಹದಲ್ಲಿ ಬರುವ ಯಹೂದಿಗಳೆಲ್ಲ ನಿಮ್ಮ ಪರವಾಗಿ ಸಾಕ್ಷಿ ನುಡಿದು ಕಟಕಟೆಯಿಂದ ಇಳಿದುಹೋಗುತ್ತಾರೆ. “ನೋಡಿ, ಯಹೂದಿಗಳೇ ಹೀಗೆ ಹೇಳುತ್ತಿದ್ದಾರೆ” ಎಂಬ ಧಾಟಿ ಪದೇ ಪದೇ ಬರುತ್ತದೆ. ಹಾಗೆ ಹೇಳಲು ಅವರಿಗೆ ಅವರದೇ ಕಾರಣಗಳಿದ್ದವು, ಮತ್ತು ಆ ಕಾರಣಗಳು ಒಂದಕ್ಕೊಂದು ಹೊಂದುವಂಥವೂ ಅಲ್ಲ. ಅವನ್ನು ಬರೆಯುವುದೇ ನಿಮ್ಮ ಕೆಲಸ.

ಬುಂಡ್‌ನಿಂದ ಆರಂಭಿಸಿ ಎಂಬುದು ನನ್ನ ಸಲಹೆ. 1897ರ ಆಗಸ್ಟಿನಲ್ಲಿ ಬಾಸೆಲ್ ನಗರದಲ್ಲಿ ಮೊದಲ ಜಿಯೋನಿಸ್ಟ್ ಕಾಂಗ್ರೆಸ್ ಸೇರಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ವಿಲ್ನಾದಲ್ಲಿ, ಯಹೂದಿ ಕಾರ್ಮಿಕರ ಬುಂಡ್ ಗುಟ್ಟಾಗಿ ಹುಟ್ಟಿತು. ಯಹೂದಿಗಳಿಗೆ ಬಿಡುಗಡೆ ಬೇಕೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅದು ದೂರದ ಪ್ಯಾಲೆಸ್ಟೀನ್‌ನಲ್ಲಿ ಕಟ್ಟುವ ನೆಲೆಯಿಂದ ಬರುತ್ತದೆಂದು ಒಬ್ಬರು ನಂಬಿದರೆ, ತಲೆಮಾರುಗಳಿಂದ ಬದುಕಿದ ಊರುಗಳಲ್ಲಿಯೇ, ತಮ್ಮ ಆಡುಭಾಷೆಯಾದ ಯಿದ್ದಿಷ್‌ನ ಶಾಲೆ, ಕಾರ್ಮಿಕ ಸಂಘ, ಪತ್ರಿಕೆಗಳ ಮೂಲಕ, ನೆರೆಯ ಪೋಲಿಷ್ ಮತ್ತು ರಷ್ಯನ್ ಕಾರ್ಮಿಕರ ಜೊತೆಗೂಡಿ ಅದನ್ನು ಗೆದ್ದುಕೊಳ್ಳಬೇಕೆಂದು ಬುಂಡ್ ವಾದಿಸಿತು. ಇದು ಬೆರಳೆಣಿಕೆಯ ಬುದ್ಧಿಜೀವಿಗಳ ಹಠವಾಗಿರಲಿಲ್ಲ. 1938ರ ಕೊನೆಯಲ್ಲಿ ನಡೆದ ವಾರ್ಸಾ ನಗರಸಭೆಯ ಚುನಾವಣೆಯಲ್ಲಿ ಯಹೂದಿ ಪಕ್ಷಗಳು ಗೆದ್ದ ಸ್ಥಾನಗಳ ಬಹುಪಾಲು ಬುಂಡ್‌ನದಾಗಿತ್ತು.

ನಿಮ್ಮ ಕರಡು ಇಲ್ಲಿಂದ ನೇರವಾಗಿ ಇಸ್ರೇಲ್ ಸ್ಥಾಪನೆಯಾದ 1948ಕ್ಕೆ ಹಾರುತ್ತದೆ. ಈ ಹಾರಾಟವನ್ನು ಯಾವ ಎಚ್ಚರದ ಓದುಗನೂ ಕ್ಷಮಿಸಲಾರ. ನಡುವಿನ ವರ್ಷಗಳಲ್ಲಿ ಪೋಲೆಂಡಿನ ಸುಮಾರು 30 ಲಕ್ಷ ಯಹೂದಿಗಳನ್ನು ನಾಜಿಗಳು ಕೊಂದರು. ಬದುಕಿ ಮರಳಿದವರಲ್ಲಿ 40ಕ್ಕೂ ಹೆಚ್ಚು ಮಂದಿ 1946ರ ಜುಲೈನಲ್ಲಿ ಕೀಲ್ಟ್ಸೆ ಪಟ್ಟಣದಲ್ಲಿ, ಯುದ್ಧ ಮುಗಿದ ಮೇಲೆ, ಸ್ಥಳೀಯರ ಗುಂಪಿಗೆ ಬಲಿಯಾದರು. ಇದ್ದಲ್ಲೇ ಬದುಕೋಣ ಎಂಬ ಮಾತನ್ನು ನಂಬಿದವರನ್ನು ಇದ್ದಲ್ಲೇ ಕೊಲ್ಲಲಾಗಿತ್ತು. ಆ ಬಳಿಕ ಹೆಚ್ಚಿನ ಯಹೂದಿಗಳಿಗೆ ಇಸ್ರೇಲ್ ಏಕೆ ಕೊನೆಯ ಆಸರೆಯಾಗಿ ಕಂಡಿತೆಂಬುದನ್ನು ನೀವು ಮನಸ್ಸಿಟ್ಟು ಬರೆಯಬೇಕು. ಅದೇ ಆಸರೆಗಾಗಿ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು ಎಂಬ ಸತ್ಯದ ತೂಕ ಇದರಿಂದ ಕಡಿಮೆಯಾಗುವುದಿಲ್ಲ.

ಈ ಎರಡನ್ನೂ ಹೊತ್ತು ಬದುಕಿದ ಒಬ್ಬ ಮನುಷ್ಯ ನಿಮಗೆ ಬೇಕಿದ್ದರೆ ಮಾರೆಕ್ ಎಡೆಲ್ಮನ್ ಇದ್ದಾರೆ. ಬುಂಡ್‌ನ ಯುವಕರಾಗಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ 1943ರಲ್ಲಿ ನಡೆದ ದಂಗೆಯ ನಾಯಕರಲ್ಲೊಬ್ಬರಾದ ಅವರು, ಯುದ್ಧದ ನಂತರ ಪೋಲೆಂಡ್ ಬಿಡಲಿಲ್ಲ. ವುಚ್ ನಗರದಲ್ಲಿ ಹೃದ್ರೋಗ ತಜ್ಞರಾಗಿ ದುಡಿದು 2009ರಲ್ಲಿ ತೀರಿಕೊಂಡರು. 2002ರಲ್ಲಿ ಅವರು ಪ್ಯಾಲೆಸ್ಟೀನಿ ಸಶಸ್ತ್ರ ಸಂಘಟನೆಗಳ ನಾಯಕರಿಗೆ ಬಹಿರಂಗ ಪತ್ರ ಬರೆದು, ನಾಗರಿಕರ ಮೇಲಿನ ದಾಳಿ ನಿಲ್ಲಿಸಿ ಎಂದು ಕೇಳಿದರು. ಆದರೆ ಅವರನ್ನು ಭಯೋತ್ಪಾದಕರೆಂದು ಕರೆಯದೆ, ತಾನೂ ಒಮ್ಮೆ ಬಂದೂಕು ಹಿಡಿದವನಾಗಿ, ಹೋರಾಟಗಾರರೊಡನೆ ಮಾತಾಡುವಂತೆ ಮಾತಾಡಿದರು. ಇಸ್ರೇಲಿನಲ್ಲಿ ಹಲವರಿಗೆ ಇದು ನುಂಗಲಾರದ ತುತ್ತಾಯಿತು. ಇಂಥವರನ್ನು ಯಾವ ಫಲಕದ ಮೇಲೂ ಬರೆದು ಮೆರವಣಿಗೆ ಮಾಡಲಾಗದು. ನನಗೆ ಅವರು ಮುಖ್ಯರೆನಿಸುವುದೂ ಅದಕ್ಕೇ.

ಇನ್ನೊಬ್ಬರ ಹೆಸರನ್ನು ನಮ್ಮ ಓದುಗರು ಶಾಲೆಯ ಇತಿಹಾಸ ಪಾಠದಲ್ಲೇ ಬಾಯಿಪಾಠ ಮಾಡಿದ್ದಾರೆ. 1919ರ ಮಾಂಟೆಗು–ಚೆಲ್ಮ್ಸ್‌ಫರ್ಡ್ ಸುಧಾರಣೆಗಳ ಎಡ್ವಿನ್ ಮಾಂಟೆಗು 1917ರಲ್ಲಿ ಬ್ರಿಟಿಷ್ ಸಂಪುಟದ ಏಕೈಕ ಯಹೂದಿ ಸದಸ್ಯರಾಗಿದ್ದರು, ಮತ್ತು ಪ್ಯಾಲೆಸ್ಟೀನ್‌ನಲ್ಲಿ ಯಹೂದಿ ನೆಲೆಗೆ ಬ್ರಿಟನ್ನಿನ ಬೆಂಬಲ ಸಾರಿದ ಬಾಲ್ಫರ್ ಘೋಷಣೆಯನ್ನು ಸಂಪುಟದಲ್ಲಿ ಅವರಷ್ಟು ಕಟುವಾಗಿ ವಿರೋಧಿಸಿದವರಿಲ್ಲ. ಪ್ಯಾಲೆಸ್ಟೀನ್ ಯಹೂದಿಗಳ ರಾಷ್ಟ್ರೀಯ ನೆಲೆಯಾದರೆ ಉಳಿದೆಲ್ಲ ದೇಶಗಳೂ ತಮ್ಮ ಯಹೂದಿ ಪ್ರಜೆಗಳನ್ನು ಪರಕೀಯರೆಂದು ಹೊರಹಾಕಲು ನೆಪ ಸಿಗುತ್ತದೆ ಎಂಬುದು ಅವರ ಭಯ. ನಿರ್ಧಾರದ ಹೊತ್ತಿಗೆ ಅವರು ಭಾರತಕ್ಕೆ ಹೊರಟುಬಿಟ್ಟಿದ್ದರು. ಅವರು ಶ್ರೀಮಂತ ಆಂಗ್ಲ ಮನೆತನದವರು. ಬುಂಡ್‌ನ ಸದಸ್ಯನಾದ ಚರ್ಮ ಹದ ಮಾಡುವ ಕಾರ್ಮಿಕನಿಗೂ ಅವರಿಗೂ ಸಮಾನವಾದದ್ದು ಬಹಳ ಕಡಿಮೆ. ನೀವು ಚಿತ್ರ ಹಾಕಿರುವ ಕಪ್ಪು ಕೋಟಿನ ನೆತುರೆಯ್ ಕಾರ್ತಾ ಪಂಥದವರಂತೂ ಬೇರೆಯೇ ಲೋಕದವರು: ದೇವರು ಕಳುಹಿಸುವ ವಿಮೋಚಕ ಮೆಸ್ಸಾಯ ಬರುವ ಮುನ್ನ ಮನುಷ್ಯರು ರಾಜ್ಯ ಕಟ್ಟುವುದು ದೈವದ್ರೋಹ ಎನ್ನುವವರು. ಆ ಚಿತ್ರವನ್ನು ತೆಗೆಯಿರಿ, ಇಲ್ಲವೇ ಅವರ ನಂಬಿಕೆಯನ್ನು ಪೂರ್ತಿ ವಿವರಿಸಿ.

ಇಂದಿನವರ ಭಾಗದಲ್ಲಿಯೂ ಗೆರೆಗಳು ಕಲಸಿವೆ. 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಯಹೂದಿ ಸಂಘಟನೆ ಜ್ಯೂಯಿಷ್ ವಾಯ್ಸ್ ಫಾರ್ ಪೀಸ್ ತನ್ನನ್ನು ಜಿಯೋನಿಸಂ ವಿರೋಧಿ ಎಂದು ಘೋಷಿಸಿಕೊಂಡದ್ದು 2019ರಲ್ಲಿ. 2014ರಲ್ಲಿ ಹುಟ್ಟಿದ ಅಮೆರಿಕದ ಇನ್ನೊಂದು ಯಹೂದಿ ಸಂಘಟನೆ ಇಫ್‌ನಾಟ್‌ನೌ, ಮೃತರಿಗಾಗಿ ಹೇಳುವ ಕದ್ದಿಷ್ ಪ್ರಾರ್ಥನೆಯನ್ನು ಬೀದಿಯಲ್ಲಿ ನಿಂತು ಎರಡೂ ಕಡೆಯ ಸತ್ತವರಿಗಾಗಿ ಹೇಳಿತು. ಆಕ್ರಮಿತ ಪ್ರದೇಶಗಳ ಆಡಳಿತವನ್ನು ಖಂಡಿಸುವವರೆಲ್ಲ ಇಸ್ರೇಲ್ ಎಂಬ ರಾಜ್ಯದ ಕಲ್ಪನೆಯನ್ನೇ ನಿರಾಕರಿಸುವವರಲ್ಲ. 2023ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಕಚೇರಿ ಕಟ್ಟಡದಲ್ಲಿ ಧರಣಿ ಕೂತು ಬಂಧಿತರಾದ ಯಹೂದಿಗಳು ತಮ್ಮ ಸಮುದಾಯದ ಬಹುಮತವಲ್ಲ. ಅದೇ ತಿಂಗಳ 7ರ ಹಮಾಸ್ ದಾಳಿಯಲ್ಲಿ ಬಂಧುಗಳನ್ನು ಕಳೆದುಕೊಂಡವರೂ ಆ ಸಮುದಾಯದಲ್ಲಿದ್ದಾರೆ. ಭಿನ್ನಮತದ ಬೆಲೆ ಅವರು ತೆರುವುದು ಹಬ್ಬದ ಊಟದ ಮೇಜಿನಲ್ಲಿ, ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ. ಬೆಂಗಳೂರಿನಲ್ಲಿ ಕೂತು ಬರೆಯುವ ನಮಗೆ ಆ ಬೆಲೆಯಿಲ್ಲ, ಬರೆಯುವಾಗ ಇದು ನೆನಪಿನಲ್ಲಿರಲಿ.

ಎರಡನೆಯ ಪುಟದಲ್ಲಿ ಇಸ್ರೇಲ್ ಸರ್ಕಾರದ ಕೃತ್ಯವೊಂದನ್ನು ಹೇಳುವಾಗ “ಯಹೂದಿಗಳು” ಎಂದು ಬರೆದಿದ್ದೀರಿ. ನಿಮ್ಮ ಇಡೀ ಲೇಖನ ಯಾವುದರ ವಿರುದ್ಧ ವಾದಿಸುತ್ತಿದೆಯೋ ಅದನ್ನೇ ಆ ಒಂದು ವಾಕ್ಯ ಮಾಡುತ್ತಿದೆ, ತಿದ್ದಿ. ಎಡೆಲ್ಮನ್ ಭಾಗಕ್ಕೆ ಇನ್ನೆರಡು ಪುಟ ಕೊಡಿ, ಘೋಷಣೆಗಳ ಪಟ್ಟಿಯನ್ನು ಪೂರ್ತಿ ಬಿಡಿ. ಹೊಸ ಕರಡು ಸಿದ್ಧವಾದಾಗ ಕಳುಹಿಸಿ; 1938ರಿಂದ 1948ರವರೆಗಿನ ಪುಟಗಳನ್ನೇ ಮೊದಲು ಓದುತ್ತೇನೆ.

ಇಂತಿ,
ನಿಮ್ಮ ಹಿರಿಯ ಮಿತ್ರ