ಘಾಟಿ ಹತ್ತುವ ಕಾರಿಗೆ ಕರೆಂಟು ಸಿಗಲಿ

ಮಾನ್ಯ ಸಂಪಾದಕರೇ,

ಎರಡು ವರ್ಷದ ಹಿಂದೆ ನಾನು ವಿದ್ಯುತ್ ಕಾರು ಕೊಂಡಾಗ ನೆಂಟರಿಷ್ಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಇದು ಘಾಟಿ ಹತ್ತುತ್ತದೆಯೇ?’ ಸಲೀಸಾಗಿ ಹತ್ತುತ್ತದೆ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅದು ಇಳಿಯುವ ರೀತಿ. ಮೊನ್ನೆ ಆಗುಂಬೆಯಲ್ಲಿ ಶೇ 61 ಇದ್ದ ಬ್ಯಾಟರಿ, 14 ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವಾಗ ಶೇ 63 ಆಗಿತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಮೋಟಾರೇ ಡೈನಮೋ ಆಗಿ ಗಾಡಿಯ ಓಟವನ್ನು ಹಿಡಿಯುತ್ತದೆ, ಹುಟ್ಟಿದ ಕರೆಂಟು ಬ್ಯಾಟರಿ ಸೇರುತ್ತದೆ. ಬ್ರೇಕ್ ಕಾದ ವಾಸನೆಯೇ ಇಲ್ಲ. (ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಘಾಟಿ ಇಳಿಯಲು ಹೊರಟರೆ ಈ ಹಿಡಿತ ಸಿಗದು, ಹೊಸಬರು ಗಮನಿಸಬೇಕು.) ಶರಾವತಿಯ ನೀರು ಇಳಿಯುತ್ತಾ ಮಾಡುವ ಕೆಲಸವನ್ನೇ ಇಲ್ಲಿ ಗಾಡಿ ಮಾಡುತ್ತದೆ.

ಹೀಗೆ ಮಲೆನಾಡಿಗೆಂದೇ ಹೇಳಿ ಮಾಡಿಸಿದಂತಿರುವ ವಾಹನ ನಮ್ಮ ಹಳ್ಳಿಗಳಲ್ಲಿ ಅಪರೂಪವಾಗಿರುವುದಕ್ಕೆ ಕಾರಣ ಗಾಡಿಯಲ್ಲಿಲ್ಲ, ಕರೆಂಟಿನ ಕಂಬದಲ್ಲಿದೆ. ನಮ್ಮವು ಒಂಟಿಮನೆಗಳು. ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರ್) ಕಾಡು, ತೋಟ ದಾಟಿ ಬರುವ ತಂತಿಯ ಕೊನೆಯ ಮನೆ ನನ್ನದು. ಸಂಜೆ ಎಲ್ಲರ ಪಂಪು ಓಡುವಾಗ ವೋಲ್ಟೇಜ್ ಕುಸಿದು ಚಾರ್ಜಿಂಗ್ ನಿಲ್ಲುತ್ತದೆ. ಪುನರ್ವಸು ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ಮೂರು ದಿನ ಕತ್ತಲೆ. ಬೇಸಿಗೆಯಲ್ಲಿ ಮತ್ತೊಂದು ಪಾಡು. ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಸಂಪರ್ಕ) ಸಿಗುವುದಿಲ್ಲ, ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಮೊದಲ ಮಾರ್ಚ್ ತಿಂಗಳಿಡೀ ಕಾರೇ ಕೆಟ್ಟಿದೆ ಎಂದು ಕಂಗಾಲಾಗಿದ್ದೆ. ಕೊನೆಗೆ ಊರಿನ ವೈರಿಂಗ್ ಹುಡುಗ ಬಂದು, ಅರ್ಥ್ ಗುಂಡಿಯನ್ನು ಆಳ ಮಾಡಿ ಉಪ್ಪು, ಇದ್ದಿಲು ತುಂಬಿ ಎರಡು ಕೊಡ ನೀರು ಹೊಯ್ದ. ಹತ್ತು ನಿಮಿಷದಲ್ಲಿ ಹಸಿರು ದೀಪ ಬಂತು. ಈಗ ತುಳಸಿಗೆ ನೀರೆರೆದ ಮೇಲೆ ಅರ್ಥ್ ಗುಂಡಿಗೂ ಒಂದು ತಂಬಿಗೆ ಹೊಯ್ಯುವುದು ಮನೆಯ ರೂಢಿಯಾಗಿದೆ.

ಹೊರಗೆ ಚಾರ್ಜ್ ಮಾಡೋಣವೆಂದರೆ ಆ್ಯಪ್ ಬೇಕು, ಆ್ಯಪಿಗೆ ನೆಟ್‌ವರ್ಕ್ ಬೇಕು. ಕಳೆದ ಆಷಾಢದಲ್ಲಿ ಹೆದ್ದಾರಿ ಬದಿಯ ಚಾರ್ಜರ್ ಒಂದರ ಮುಂದೆ ನಿಂತಿದ್ದೆ. ಯಂತ್ರಕ್ಕೆ ಕರೆಂಟಿತ್ತು, ಕಿಸೆಯಲ್ಲಿ ಹಣವಿತ್ತು, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನನ್ನ ಹೆಂಡತಿ ಕೊಡೆ ಹಿಡಿದು ಎದುರಿನ ಧರೆ ಹತ್ತಿ ಒಟಿಪಿ ಕೂಗಿ ಹೇಳಿದರೆ, ನಾನು ಕೆಳಗೆ ಅದನ್ನು ಕೇಳಿಸಿಕೊಂಡು ಒತ್ತುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಬೆಂಗಳೂರಿನ ರಸ್ತೆಗೆಂದು ಯೋಚಿಸಿದ ಯಂತ್ರವನ್ನು ಹಾಗೆಯೇ ತಂದು ಇಲ್ಲಿ ನೆಟ್ಟರೆ ಇಷ್ಟೇ ಆಗುವುದು. ತಾನೇ ಓಡುವ ಕಾರಿನ ಮಾತು ಸದ್ಯಕ್ಕೆ ಬೇಡ. ರಸ್ತೆಯ ಬಿಳಿ ಗೆರೆ ನೋಡಿ ಸಾಗುವ ಕ್ಯಾಮೆರಾಕ್ಕೆ ಆಗುಂಬೆಯ ಮಂಜಿನಲ್ಲಿ ಗೆರೆಯೇ ಕಾಣದು.

ವಿದ್ಯುತ್ ವಾಹನಗಳಿಗೆಂದು ದೇಶದಲ್ಲೇ ಮೊದಲು, 2017ರಲ್ಲಿ, ನೀತಿ ರೂಪಿಸಿದ್ದು ಕರ್ನಾಟಕ. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಇರುವುದು ನಮ್ಮ ಮಗ್ಗುಲಲ್ಲೇ. ಅದಕ್ಕಾಗಿ ಲಿಂಗನಮಕ್ಕಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟುಕೊಟ್ಟು ಬಂದವರ ಮಕ್ಕಳು ಈ ಒಂಟಿಮನೆಗಳಲ್ಲಿದ್ದಾರೆ. ಊರಿಗೆ ದಿನಕ್ಕೆರಡು ಬಾರಿ ಬರುವ ಬಸ್ಸು ತಪ್ಪಿದರೆ ಸ್ವಂತ ಗಾಡಿಯೇ ಗತಿ ಎನ್ನುವವರು ಇವರು. ಸ್ಕೂಟರಿಗೆ ಮೂರು ಯೂನಿಟ್ ತುಂಬಿದರೆ ಪೇಟೆಗೆ ಹೋಗಿ ಬರಲು ಧಾರಾಳ ಸಾಕು. ಖರ್ಚು ಒಂದು ಲೀಟರ್ ಪೆಟ್ರೋಲಿನ ಕಾಲು ಭಾಗವೂ ಆಗದು.

ದೊಡ್ಡ ವೇಗದ ಚಾರ್ಜರ್‌ಗಳು ಹೆದ್ದಾರಿಯಲ್ಲಿರಲಿ. ನಮಗೆ ಬೇಕಿರುವುದು ಪ್ರತಿ ಪಂಚಾಯಿತಿಯ ಸಹಕಾರಿ ಸೊಸೈಟಿಯ ಅಂಗಳದಲ್ಲಿ, ಮಳೆ ತಾಗದ ಮಾಡಿನಡಿ, ಗಟ್ಟಿ ಅರ್ಥಿಂಗ್ ಇರುವ ಮೂರೋ ನಾಲ್ಕೋ 16 ಆಂಪಿಯರ್ ಪ್ಲಗ್ಗು. ಗೊಬ್ಬರ, ಸಾಲ, ಪಡಿತರ ಎಂದು ಹೋದವರು ಅಲ್ಲಿ ಹೇಗೂ ಎರಡು ತಾಸು ಕೂರುತ್ತಾರೆ. ಆ್ಯಪ್ ಬೇಡ, ಗುಮಾಸ್ತರು ಮೀಟರ್ ನೋಡಿ ರಸೀದಿ ಹರಿಯಲಿ. ಜೊತೆಗೆ ತಂತಿಯ ಕೊನೆಯ ಮನೆಗಳ ವೋಲ್ಟೇಜನ್ನು ವಿದ್ಯುತ್ ಕಂಪನಿಯವರು ಒಮ್ಮೆ ಸಂಜೆ ಏಳರ ಹೊತ್ತಿಗೆ ಬಂದು ಅಳೆಯಲಿ. ಹಗಲು ಹನ್ನೊಂದಕ್ಕೆ ಬಂದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

– ಅಡಕೆ ಬೆಳೆಗಾರ, ಹೊಸನಗರ ತಾಲ್ಲೂಕು